ಮೊದಲ ಕೂಗಿಗೆ ಓ ಅನ್ನದವಳು

ಆ ದಿನ ನನ್ನ ಹೆಸರಿಗೆ ಓಗೊಟ್ಟ ದನಿ ನನ್ನದಲ್ಲ. ರೆಕಾರ್ಡಿಂಗ್ ನನ್ನ ಹತ್ತಿರವೇ ಇದೆ. ನನ್ನ ಹೆಸರು ಕೇಳಿಸುತ್ತದೆ, ಆಮೇಲೆ ಎರಡು ಸೆಕೆಂಡು ಫ್ಯಾನಿನ ಸದ್ದು, ಆಮೇಲೆ ಒಬ್ಬ ಹೆಂಗಸು "ಇದ್ದೀನಿ" ಅನ್ನುತ್ತಾಳೆ. ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಐವರಲ್ಲಿ ಯಾರೂ ಅದು ತಮ್ಮ ದನಿ ಎಂದು ಒಪ್ಪಿಕೊಂಡಿಲ್ಲ.

ಆ ಕೋಣೆಯ ಹೆಂಗಸರು ಹಾಜರಿಗೆ ಹೇಳುತ್ತಿದ್ದದ್ದು ಇಂಗ್ಲಿಷಿನ ಒಂದು ಸಣ್ಣ ಶಬ್ದ. ಶಾಲೆಯ ಹಾಜರಿಯಲ್ಲಿ ನಾವು ಹೇಳುವಂಥದೇ. ಆದರೆ ಅವರು ಹೇಳಿದಾಗ ನನ್ನ ಕಿವಿಗೆ ಅದು "ಇದ್ದೀನಿ" ಎಂದೇ ಬೀಳುತ್ತಿತ್ತು, ಹಾಗಾಗಿ ಹಾಗೇ ಬರೆಯುತ್ತೇನೆ.

ನಾನು ಆಗ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಹಳೆಯ ದಾಖಲೆಗಳನ್ನು ಕಾಪಾಡುವ ವಿದ್ಯೆ ಓದುತ್ತಿದ್ದೆ. ಪಕ್ಕದ ಊರು ಸೀಡರ್ ಪಾರ್ಕಿನ ಚಿಕ್ಕಮ್ಮನ ಮನೆಯಲ್ಲಿ ಮಹಡಿಯ ಕೋಣೆ ನನ್ನದು. ನಮ್ಮ ವಿಭಾಗ ಹಳೆಯ ಸಂಘಸಂಸ್ಥೆಗಳ ಕಾಗದಪತ್ರಗಳನ್ನು ಅವು ಇದ್ದಲ್ಲಿಗೇ ಹೋಗಿ ಸ್ಕ್ಯಾನ್ ಮಾಡಿ ತರುತ್ತಿತ್ತು. ನನ್ನ ಪಾಲಿಗೆ ಬಂದದ್ದು ಹ್ಯೂಸ್ಟನ್ನಿನ ಕಪ್ಪು ಮಹಿಳೆಯರು ತಮಗಾಗಿ ತಾವೇ ಕಟ್ಟಿಕೊಂಡಿದ್ದ ಒಂದು ಸಹಾಯ ಸಂಘ. ಅದನ್ನು ಶುರು ಮಾಡಿದವರು ಪರರ ಮನೆಯ ಬಟ್ಟೆ ಒಗೆಯುವವರು, ಅಡುಗೆಯವರು, ಮಕ್ಕಳನ್ನು ಆಡಿಸುವವರು. ಅವರಲ್ಲಿ ಒಬ್ಬಳು ಕಾಯಿಲೆ ಬಿದ್ದರೆ ಇಬ್ಬರು ಸರದಿಯಲ್ಲಿ ಪಕ್ಕದಲ್ಲಿ ಕೂರಬೇಕು. ಹೆತ್ತರೆ ಬಾಣಂತನಕ್ಕೆ ಹೋಗಬೇಕು. ಸತ್ತರೆ ಮೀಯಿಸಿ, ಬಿಳಿ ಉಡುಪು ತೊಡಿಸಿ, ಕೈಗೆ ಬಿಳಿ ಗ್ಲವ್ಸ್ ಹಾಕಿ ಮಣ್ಣು ಮಾಡಬೇಕು. ಅವರಿಗೆ ಅದನ್ನೆಲ್ಲ ಬೇರೆ ಯಾರೂ ಮಾಡದಿದ್ದ ಕಾಲ ಅದು. ನಾನು ಹೋಗುವ ಹೊತ್ತಿಗೆ ಸಂಘದಲ್ಲಿ ಉಳಿದಿದ್ದವರು ನಾಲ್ಕು ಜನ.

ಪ್ರತಿ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸಭೆ. ಇಟ್ಟಿಗೆಯ ಕಂಬಗಳ ಮೇಲೆ ನಿಂತ ಒಂದೇ ಕೋಣೆಯ ಮರದ ಹಾಲ್, ಹಿಂದೆ ಒಂದು ಅಡುಗೆಮನೆ. ಸುತ್ತಲೂ ಕುರ್ಚಿ ಹಾಕಿರುತ್ತಿದ್ದರು, ಇಪ್ಪತ್ತಕ್ಕೂ ಹೆಚ್ಚು. ನಾಲ್ಕು ಜನಕ್ಕೆ ಅಷ್ಟು ಕುರ್ಚಿ ಯಾಕೆ ಎಂದು ಮೊದಲ ದಿನ ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ, ನೋಡಿ ಬರೆದುಕೊಳ್ಳುತ್ತೇನೆ. ಖಾಲಿ ಕುರ್ಚಿಗಳ ಮೇಲೂ ಧೂಳಿರಲಿಲ್ಲ ಎಂದು ಬರೆದುಕೊಂಡೆ.

ಹಾಜರಿ ಪುಸ್ತಕ ಇದ್ದದ್ದು ಕಾರ್ಯದರ್ಶಿಯವರ ಬಳಿ. ಎಂಬತ್ತಾರು ವರ್ಷ, ಸಪೂರ ದೇಹ, ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯ ಕಳೆದವರು. ಅವರನ್ನು ಬಿಟ್ಟರೆ ಎತ್ತರದ ಒಬ್ಬರು, ಶಾಲೆಯ ಬಸ್ಸು ಓಡಿಸಿ ರಿಟೈರ್ ಆದವರು, ಸದಾ ಹ್ಯಾಟು ತೊಟ್ಟಿರುವವರು. ಇನ್ನಿಬ್ಬರು ಅಕ್ಕತಂಗಿಯರು, ಒಬ್ಬರ ಕೈಚೀಲವನ್ನು ಇನ್ನೊಬ್ಬರು ಹಿಡಿದುಕೊಂಡು ಒಟ್ಟಿಗೇ ಕೂರುತ್ತಿದ್ದರು.

ಹ್ಯಾಟಿನವರು ನನ್ನನ್ನು ಮೊದಲ ದಿನದಿಂದಲೇ "ಆಸ್ಟಿನ್" ಎಂದು ಕರೆದರು. "ನಿನ್ನ ಹೆಸರು ಚೆನ್ನಾಗಿದೆ ಕಣಮ್ಮ. ಆದರೆ ನನ್ನ ಹಲ್ಲುಸೆಟ್ಟು ಹೊಸದು, ಈಗಲೇ ರಿಸ್ಕ್ ತೆಗೆದುಕೊಳ್ಳಲ್ಲ."

ಹಾಜರಿಗೆ ಮೊದಲು ಏಸಿ ಆಫ್ ಮಾಡುತ್ತಿದ್ದರು. ಚಾವಣಿಯ ಫ್ಯಾನ್ ಮಾತ್ರ ನಿಧಾನಕ್ಕೆ ತಿರುಗುತ್ತಿತ್ತು. ಟೆಕ್ಸಾಸಿನ ಬೇಸಿಗೆಯಲ್ಲಿ ಐದೇ ನಿಮಿಷಕ್ಕೆ ಬೆನ್ನು ಒದ್ದೆಯಾಗುತ್ತದೆ. ಕಾರ್ಯದರ್ಶಿಯವರು ಎದ್ದು ನಿಂತು, ಪುಸ್ತಕ ತೆರೆದು, ಒಂದೊಂದೇ ಹೆಸರು ಕರೆಯುತ್ತಿದ್ದರು. ಮೊದಲ ಹೆಸರಿಗೆ ಅಕ್ಕ "ಇದ್ದೀನಿ" ಅಂದರು, ದಪ್ಪ ದನಿಯಲ್ಲಿ. ಎರಡನೆಯ ಹೆಸರಿಗೂ ಅವರೇ, ಆದರೆ ಈ ಸಲ ತೆಳ್ಳಗೆ, ನಗುವನ್ನು ತಡೆದುಕೊಂಡವರ ಹಾಗೆ. ಮೂರನೆಯದಕ್ಕೆ ಹ್ಯಾಟಿನವರು, ದಣಿದ ದನಿಯಲ್ಲಿ, ಮೂಗಿನಿಂದ. ಕಣ್ಣು ಮುಚ್ಚಿದರೆ ಕೋಣೆ ತುಂಬ ಜನ. ಕಣ್ಣು ಬಿಟ್ಟರೆ ಮೂರು ಬಾಯಿ.

ಸತ್ತವರ ಹೆಸರುಗಳು ಅವು. ಸದಸ್ಯೆ ಸತ್ತರೂ ಅವಳ ಹೆಸರನ್ನು ಹಾಜರಿಯಿಂದ ತೆಗೆಯುವುದಿಲ್ಲ. ಅವಳು ಬದುಕಿದ್ದಾಗಲೇ ಒಬ್ಬಳನ್ನು ಆರಿಸಿ, ತಾನು ಹೇಗೆ ಓಗೊಡುತ್ತೇನೆಂದು ಕಲಿಸಿಕೊಟ್ಟಿರುತ್ತಾಳೆ. ದನಿ ಕಲಿತವಳಿಗೇ ಆ ಹೆಸರು. ಅವಳು ಸಾಯುವ ಮುಂಚೆ ತನ್ನ ದನಿಯ ಜೊತೆ ಅದನ್ನೂ ಇನ್ನೊಬ್ಬಳಿಗೆ ಕಲಿಸುತ್ತಾಳೆ. ಹೀಗೆ ಫೋಟೊ ಕೂಡ ಇಲ್ಲದ ಹೆಂಗಸರ ದನಿಗಳು ಬಾಯಿಂದ ಬಾಯಿಗೆ ಬಂದಿದ್ದವು. ಒಬ್ಬರ ಬಾಯಿಗೆ ಏಳೇ ಹೆಸರು, ಅದಕ್ಕಿಂತ ಹೆಚ್ಚಾದರೆ ದನಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ ಎಂದು ನಿಯಮ. ಮೂವರಿಗೂ ಏಳೇಳು ತುಂಬಿತ್ತು. ಹಾಜರಿ ಕರೆಯುವವರು ತಮ್ಮ ಹೆಸರಿಗಷ್ಟೇ ಓಗೊಡಬಹುದು. ಕಾರ್ಯದರ್ಶಿಯವರು ತಮ್ಮ ಹೆಸರನ್ನು ಕರೆದು, ಒಂದು ಸಣ್ಣ ಕೆಮ್ಮು ಕೆಮ್ಮಿ, "ಇದ್ದೀನಿ" ಅನ್ನುತ್ತಿದ್ದರು.

ಇದು ಹೇಗೆ ಶುರುವಾಯಿತು ಎಂದು ಅವರೇ ಒಮ್ಮೆ ಹೇಳಿದರು. "ಕೆಲಸದ ಮನೆಯವರು ಶನಿವಾರ ಬಿಡದಿದ್ದರೆ ಜೊತೆಯವಳು ಅವಳ ಪರವಾಗಿ ಇದ್ದೀನಿ ಅನ್ನುತ್ತಿದ್ದಳು. ಸತ್ತವರದೂ ಅಷ್ಟೇ, ಬೇಬಿ. ಬಿಟ್ಟಿಲ್ಲ, ಅದಕ್ಕೇ ಬಂದಿಲ್ಲ."

ಹೆಸರನ್ನು ಒಂದೇ ಸಲ ಕರೆಯುತ್ತಿದ್ದರು. ಯಜಮಾನತಿಯರು ದಿನಕ್ಕೆ ನೂರು ಸಲ ಗಂಟೆ ಬಾರಿಸಿ ಕರೆಯುತ್ತಿದ್ದ ಹೆಂಗಸರು ಅವರು. ಇಲ್ಲಿ, ಪೂರ್ತಿ ಹೆಸರು ಹಿಡಿದು, ಒಂದು ಸಲ. ಎರಡನೇ ಸಲ ಕೂಗುವುದು ಆ ಹಾಲಿನಲ್ಲಿ ಅವಮಾನ.

ಮೂರು ಸಭೆ ಸಾಲಾಗಿ ಒಂದು ಹೆಸರಿಗೆ ಯಾರೂ ಓಗೊಡದಿದ್ದರೆ ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ಮತ್ತೆ ಅದನ್ನು ಕರೆಯುವಂತಿಲ್ಲ. ಇಡೀ ಪುಸ್ತಕದಲ್ಲಿ ಅಂಥದ್ದು ಒಂದೇ ಇತ್ತು. ಆ ಪುಟ ಬಂದಾಗ ಕಾರ್ಯದರ್ಶಿಯವರು ಅದರ ಮೇಲೆ ಅಂಗೈ ಇಟ್ಟು ಮುಂದಿನ ಹೆಸರಿಗೆ ಹೋಗುತ್ತಿದ್ದರು. ನಾನು ಮೊದಲು ಅದನ್ನು ವಯಸ್ಸಾದವರು ಸಾಲು ತಪ್ಪದಿರಲೆಂದು ಕೈ ಇಡುವ ಅಭ್ಯಾಸ ಅಂದುಕೊಂಡಿದ್ದೆ.

ಅವರಿಗಿದ್ದ ಚಿಂತೆ ಒಂದೇ. ತಾವು ಹೋದ ಮೇಲೆ ತಮ್ಮ ಹೆಸರಿಗೆ ಯಾರು? ಒಬ್ಬಳೇ ಮಗಳು ಡಲ್ಲಾಸಿನಲ್ಲಿ. ಆಕೆ ಆಗುವುದಿಲ್ಲ ಎಂದುಬಿಟ್ಟಿದ್ದಳು.

* * *

ನಮ್ಮ ಮನೆಯಲ್ಲಿ ಮೊದಲ ಕೂಗಿಗೆ ಯಾರೂ ಓ ಅನ್ನುವುದಿಲ್ಲ. ಬೆಂಗಳೂರಿನ ಹಳೆಯ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದದ್ದನ್ನು ನೋಡಿದವರಿಗೆ ಕಾರಣ ಗೊತ್ತು: ಗುರುತಿನವರ ದನಿಯಲ್ಲಿ ಕರೆಯುವಂಥದ್ದು ಒಂದಿದೆ, ಅದಕ್ಕೆ ಒಂದೇ ಸಲ ಕೂಗಲು ಬರುತ್ತದೆ. ಉಳಿದವರು ಇದನ್ನು ರಾತ್ರಿಗೆ ಇಟ್ಟುಕೊಂಡಿದ್ದರೆ ಮೈಸೂರಿನ ನಮ್ಮ ಅಜ್ಜಿಗೆ ಹಗಲು ರಾತ್ರಿಯ ಭೇದವಿರಲಿಲ್ಲ. ಅವರ ತಂಗಿಯೊಬ್ಬಳು ಹಾಡಹಗಲಿನಲ್ಲಿ ಹಿತ್ತಲಿನಿಂದ ಬಂದ ಕೂಗಿಗೆ ಓ ಎಂದು ಎದ್ದು ಹೋದವಳು ಸಂಜೆಗೆ ಜ್ವರ ಬಂದು ಮಲಗಿದಳಂತೆ. ಏಳಲಿಲ್ಲ. ಆ ತಂಗಿಯ ಹೆಸರನ್ನು ಅಜ್ಜಿ ನಮಗೆ ಹೇಳಿಲ್ಲ. ಹೇಳಿದರೆ ಕರೆದ ಹಾಗಾಗುತ್ತದೆ.

ಅಜ್ಜಿಯ ಮಕ್ಕಳೆಲ್ಲರಿಗೂ ಈ ರೂಢಿ ಬಂದಿದೆ. ಸೀಡರ್ ಪಾರ್ಕಿನ ಮನೆಯಲ್ಲೂ ಚಿಕ್ಕಮ್ಮ ಕೆಳಗಿನಿಂದ ಒಮ್ಮೆ ಕೂಗುತ್ತಾರೆ, ಉಸಿರು ತೆಗೆದುಕೊಂಡು ಇನ್ನೊಮ್ಮೆ ಕೂಗುತ್ತಾರೆ. ಚಿಕ್ಕಪ್ಪ ತಮಾಷೆ ಮಾಡುತ್ತಾರೆ: "ಮೊದಲನೇದು ದೆವ್ವಕ್ಕೆ, ಎರಡನೇದು ನಮಗೆ. ಊಟಕ್ಕೂ ದೆವ್ವವೇ ಫಸ್ಟ್!" ನಾನು ಇದನ್ನು ನಂಬುತ್ತೇನೆ ಅಂತಲ್ಲ. ಆದರೆ ಯಾರಾದರೂ ಕರೆದರೆ ನನ್ನ ಗಂಟಲು ತಾನಾಗಿಯೇ ಕಾಯುತ್ತದೆ.

ಜೂನ್, ಜುಲೈ ಎರಡು ಸಭೆಗೂ ಹೋಗಿ ಬಂದಿದ್ದೆ. ಪತ್ರಗಳು, ಫೋಟೊಗಳು, ಹಳೆಯ ಬ್ಯಾಡ್ಜುಗಳು ಎಲ್ಲ ಸ್ಕ್ಯಾನ್ ಆಗಿದ್ದವು. ಹಾಜರಿ ಪುಸ್ತಕ ಮಾತ್ರ ಆಗಿರಲಿಲ್ಲ. ಅದನ್ನು ಸದಸ್ಯೆಯರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. "ನಾನು ಗ್ಲವ್ಸ್ ಹಾಕಿಕೊಳ್ಳುತ್ತೇನೆ" ಎಂದೆ. ಹ್ಯಾಟಿನವರು ಬಿದ್ದು ಬಿದ್ದು ನಕ್ಕರು. "ಗ್ಲವ್ಸ್ ನಾವೂ ಹಾಕ್ತೀವಿ ಆಸ್ಟಿನ್, ಹೆಣಕ್ಕೆ!"

ಕಾರ್ಯದರ್ಶಿಯವರು ನಗಲಿಲ್ಲ. ನನ್ನ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಹೇಗೆ ಉಚ್ಚರಿಸುವುದು ಎಂದು ನಾಲ್ಕೈದು ಸಲ ಕೇಳಿ ಕಲಿತರು. ಸ್ಕ್ಯಾನಿಗೆ ಬೇಕಾದ ಯಾವುದೋ ಅರ್ಜಿಗೆ ಅಂದುಕೊಂಡೆ.

ಆಗಸ್ಟಿನ ಸಭೆ. ಏಸಿ ಆಫ್ ಆಯಿತು. ರೆಕಾರ್ಡರನ್ನು ಮೇಜಿನ ಮೇಲಿಟ್ಟು ಖಾಲಿ ಕುರ್ಚಿಗಳ ಹಿಂದೆ ನಿಂತಿದ್ದೆ. ಎಲ್ಲ ಹೆಸರುಗಳೂ ಮುಗಿದ ಮೇಲೆ ಕಾರ್ಯದರ್ಶಿಯವರು ಪುಟ ತಿರುವಿ ಇನ್ನೊಂದು ಹೆಸರು ಕರೆದರು. ನನ್ನದು. ಒತ್ತಕ್ಷರಗಳೂ ಸರಿಯಾಗಿದ್ದವು. ನನ್ನನ್ನು ಸದಸ್ಯೆಯಾಗಿ ಸೇರಿಸಿದ್ದಾರೆ, ಪುಸ್ತಕ ನನ್ನ ಕೈಗೆ ಕೊಡಲು ಅವರು ಹುಡುಕಿದ ದಾರಿ ಇದು ಎಂದು ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಅರ್ಥವಾದರೂ ಗಂಟಲು ಕಾಯಿತು, ಎರಡನೆಯ ಕೂಗಿಗೆ.

ಎರಡನೆಯದು ಬರಲಿಲ್ಲ. ಬಂದದ್ದು "ಇದ್ದೀನಿ" ಎಂಬ ದನಿ, ನನ್ನ ಎಡಗಡೆಯ ಕುರ್ಚಿಗಳ ಕಡೆಯಿಂದ.

ಹ್ಯಾಟಿನವರು ಅಕ್ಕತಂಗಿಯರ ಕಡೆ ತಿರುಗಿದರು. "ನೀವಾ?"

"ನೀನೇ ಅಂದುಕೊಂಡೆವಲ್ಲ," ಎಂದರು ತಂಗಿ.

ಕಾರ್ಯದರ್ಶಿಯವರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ಸದಸ್ಯೆಯರೆಲ್ಲ ಎದೆಗೆ ಒಂದು ರಿಬ್ಬನ್ ಸಿಕ್ಕಿಸಿಕೊಳ್ಳುತ್ತಾರೆ, ಒಂದು ಬದಿ ನೇರಳೆ, ಇನ್ನೊಂದು ಬದಿ ಕಪ್ಪು. ಕಪ್ಪು ಬದಿ ಸಾವಿನ ದಿನಕ್ಕೆ. ನನಗೆಂದು ತಂದಿಟ್ಟಿದ್ದ ರಿಬ್ಬನ್ನನ್ನು ಅವರು ಮಗುಚಿ, ಕಪ್ಪು ಮೇಲಾಗಿ, ನನ್ನ ಕುರ್ತಾಕ್ಕೆ ಸಿಕ್ಕಿಸಿದರು.

"ನೀನು ಇಲ್ಲೇ ಇದ್ದೂ ನಿನಗೆ ಬೇರೆಯವರು ಓಗೊಟ್ಟಾಯಿತು," ಎಂದರು. "ಇನ್ನು ಸಾಲಾಗಿ ಮೂರು ಸಲ ನೀನೇ ಓಗೊಡುವವರೆಗೆ ನೀನು ಆ ಕಡೆಯವಳು. ಪುಸ್ತಕ ಮುಟ್ಟುವಂತಿಲ್ಲ, ಇನ್ನೊಬ್ಬರ ಹೆಸರು ಹೊರುವಂತಿಲ್ಲ." ಕೊನೆಯ ಮಾತನ್ನು ಅವರು ನನಗೆ ಹೇಳಿದಂತಿರಲಿಲ್ಲ. ತಮಗೇ ಲೆಕ್ಕ ಹಾಕಿಕೊಳ್ಳುತ್ತಿದ್ದರು: ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಆ ಬೇಸಿಗೆಯಲ್ಲಿ ಅವರ ಕಾಲು ಊದಿಕೊಂಡಿತ್ತು. ಡಾಕ್ಟರು ಏನೋ ಹೇಳಿದ್ದರು, ಅವರು ಯಾರಿಗೂ ಹೇಳಿರಲಿಲ್ಲ.

ಹೊರಗೆ ಕಾರಿನ ತನಕ ಬಂದ ಹ್ಯಾಟಿನವರು ಕಿಟಕಿಗೆ ಬಗ್ಗಿದರು. "ನಿನ್ನನ್ನು ತನ್ನ ಹೆಸರಿಗೆ ಆರಿಸಿಕೊಂಡಿದ್ದಳು, ಗೊತ್ತಾಯ್ತಾ? ಮುಂದಿನ ತಿಂಗಳು ಕಿವಿ ಮನೇಲಿ ಬಿಟ್ಟು ಬರಬೇಡ."

* * *

ಸೆಪ್ಟೆಂಬರಿನಲ್ಲಿ ಸ್ಕ್ಯಾನಿನ ಒಪ್ಪಿಗೆ ಪತ್ರಕ್ಕೆ ಕಾರ್ಯದರ್ಶಿಯವರ ಮಗಳ ಸಹಿ ಬೇಕಾಗಿ ಡಲ್ಲಾಸಿಗೆ ಹೋದೆ. ಆಕೆಯ ಆಫೀಸು ಫಾರ್ಮರ್ಸ್ ಬ್ರಾಂಚ್ ಎಂಬ ಉಪನಗರದಲ್ಲಿ, ಎಲ್‌ಬಿಜೆ ಫ್ರೀವೇ ಪಕ್ಕ, ಒಂದೇ ಥರದ ಗಾಜಿನ ಕಟ್ಟಡಗಳ ನಡುವೆ. ಊಟದ ಕೋಣೆಯಲ್ಲಿ ಮೈಕ್ರೋವೇವಿನ ಪಕ್ಕ ಕೂತು ಸಹಿ ಹಾಕಿದರು. ಐವತ್ತು ದಾಟಿದ, ಅಳೆದು ಮಾತಾಡುವ ಹೆಂಗಸು.

"ನಿಮಗೂ ಹೇಳಿದ್ದಾಳಾ ಅಮ್ಮ, ನನ್ನ ಮನಸ್ಸು ತಿರುಗಿಸು ಅಂತ?"

"ಇಲ್ಲ."

"ಚಿಕ್ಕವಳಿದ್ದಾಗ ನಾನು ಆ ಮೇಜಿನ ಕೆಳಗೆ ಕೂರುತ್ತಿದ್ದೆ. ಅಲ್ಲಿಂದ ಕಾಲುಗಳು ಮಾತ್ರ ಕಾಣುತ್ತಿದ್ದವು. ಚಪ್ಪಲಿಗಳನ್ನು ಎಣಿಸುತ್ತಿದ್ದೆ, ದನಿಗಳನ್ನು ಎಣಿಸುತ್ತಿದ್ದೆ. ಯಾವತ್ತೂ ತಾಳೆಯಾಗಲಿಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಹನ್ನೆರಡು ತುಂಬಿದಾಗ ನನ್ನ ಹೆಸರನ್ನೂ ಬರೆದರು. ಎರಡು ಸಲ ಓಗೊಟ್ಟೆ. ಆಮೇಲೆ ಹೋಗಲೇ ಇಲ್ಲ. ಈಗ ಹೇಗೆ? ಗೆರೆ ಹೊಡೆದಾಯಿತಾ?"

ಇಲ್ಲ ಎಂದೆ. ಅಕ್ಕತಂಗಿಯರಲ್ಲಿ ತಂಗಿ ಪ್ರತಿ ತಿಂಗಳೂ ನಿಮ್ಮ ಹೆಸರಿಗೆ ಓಗೊಡುತ್ತಾರೆ ಎಂದೆ.

"ನನ್ನ ದನಿಯಲ್ಲಾ?"

"ಚಿಕ್ಕ ಹುಡುಗಿಯ ದನಿಯಲ್ಲಿ. ಮೊದಲ ಅಕ್ಷರದ ಹತ್ತಿರ ಸ್ವಲ್ಪ ತೊದಲುತ್ತಾರೆ."

ಅವರು ಮೈಕ್ರೋವೇವಿನ ಕಡೆ ನೋಡಿದರು. ಅದು ಯಾವಾಗಲೋ ನಿಂತಿತ್ತು. "ಆ ತೊದಲು ಬಿಡಿಸಲು ಶಾಲೆಯವರಿಗೆ ಎರಡು ವರ್ಷ ಹಿಡಿಯಿತು," ಎಂದರು. ತಂದಿದ್ದ ಊಟದ ಡಬ್ಬಿಯನ್ನು ತೆರೆಯದೆ ಬ್ಯಾಗಿಗೆ ಹಾಕಿಕೊಂಡರು.

ಆ ಶನಿವಾರ ಸಭೆಯಲ್ಲಿ ನನ್ನ ಹೆಸರು ಬಂದ ಕೂಡಲೇ "ಇದ್ದೀನಿ" ಎಂದೆ, ಎಷ್ಟು ಅವಸರದಲ್ಲಿ ಎಂದರೆ ಅರ್ಧ ಹೆಸರಿನ ಮೇಲೇ ಬಿದ್ದೆ. ಹ್ಯಾಟಿನವರು "ಈಗ ಓಡುತ್ತಿದ್ದಾಳೆ ನೋಡು" ಎಂದು ಗೊಣಗಿದರು. ಸಭೆ ಮುಗಿದ ಮೇಲೆ ಅಡುಗೆಮನೆಯಲ್ಲಿ ನಾನು ಕಾರ್ಯದರ್ಶಿಯವರಿಗೆ ಆಗಸ್ಟಿನ ರೆಕಾರ್ಡಿಂಗ್ ಕೇಳಿಸಿದೆ. ನಮ್ಮ ವಿಭಾಗದ ಫಾರಮ್ಮಿನಲ್ಲಿ "ದನಿಗಳ ಸಂಖ್ಯೆ" ಎಂದು ಒಂದು ಕಾಲಮ್ಮಿದೆ. ಮೊದಲು ಐದು ಎಂದು ಬರೆದಿದ್ದೆ. ಆ ದಿನ ಬಾಯಿ ಬಿಡದ ನನ್ನನ್ನು ಕಳೆದರೆ ನಾಲ್ಕಾಗಬೇಕು. ಆ ಒಂದು ದನಿ ಯಾರದೆಂದು ತಿಳಿದರೆ ಕಾಲಮ್ಮು ಸರಿಹೋಗುತ್ತಿತ್ತು, ನನಗೆ ಬೇಕಾದದ್ದು ಅಷ್ಟೇ.

ಅವರು ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿ ಹಿಡಿದು ಕೇಳಿದರು. ಇನ್ನೊಮ್ಮೆ ಹಾಕು ಎಂದು ಬೆರಳು ಎತ್ತಿದರು. ಮೂರು ಸಲ ಕೇಳಿದ ಮೇಲೆ ಹೆಡ್‌ಫೋನ್ ಕೆಳಗಿಟ್ಟರು.

"ಇದು ನಮ್ಮ ಅಮ್ಮ," ಎಂದರು.

ನಾನು ರೆಕಾರ್ಡರ್ ಆಫ್ ಮಾಡಿದೆ.

"ಆ ಕೆಂಪು ಗೆರೆ ನಾನು ಹಾಕಿಸಿದ್ದು. ಅಮ್ಮ ತನ್ನ ಹೆಸರನ್ನು ನನಗೆ ಕೊಟ್ಟಿದ್ದಳು. ಆಗ ನನಗೆ ಇಪ್ಪತ್ತು ವರ್ಷ. ಹೊಸ ಕೆಲಸ, ಹೊಸ ಗೆಳೆಯ. ಒಂದು ಶನಿವಾರ ಹೋಗಲಿಲ್ಲ. ಎರಡನೇದಕ್ಕೆ ನಾಚಿಕೆಯಾಗಿ ಹೋಗಲಿಲ್ಲ. ಮೂರನೇದಕ್ಕೆ ಓಡಿಕೊಂಡು ಹೋದೆ, ಮೆಟ್ಟಿಲ ಮೇಲಿದ್ದಾಗ ಒಳಗೆ ಅವಳ ಹೆಸರು ಕೂಗಿದ್ದು ಕೇಳಿಸಿತು. ಬಾಗಿಲು ತೆಗೆಯುವಷ್ಟರಲ್ಲಿ ಗೆರೆ ಎಳೆದಿದ್ದರು." ಸಿಂಕಿನಲ್ಲಿ ಲೋಟವನ್ನು ತೊಳೆದು ಬೋರಲು ಹಾಕಿದರು. "ಅವಳಿಗೆ ಓಗೊಡಲು ಹೆಸರಿಲ್ಲ. ಅದಕ್ಕೇ ಯಾರಾದರೂ ಖಾಲಿ ಬಿಟ್ಟರೆ ಅಲ್ಲಿ ಓಗೊಡುತ್ತಾಳೆ. ನಾನು ಮೊದಲೂ ಕೇಳಿದ್ದೇನೆ."

ಎಂಬತ್ತಾರು ವರ್ಷದವರ ಭಯ ಸಾವಿನದು ಎಂದು ನಾನು ಅಂದುಕೊಂಡಿದ್ದೆ. ಅವರ ಭಯ ಈ ಕೋಣೆಯಲ್ಲಿ ತಮ್ಮ ಹೆಸರಿನ ನಂತರ ಬರಬಹುದಾದ ಫ್ಯಾನಿನ ಸದ್ದಿನದು.

ಅಕ್ಟೋಬರಿನಲ್ಲಿ ಎರಡನೇ ಸಲ ಓಗೊಟ್ಟೆ. ಆ ದಿನ ಅವರು ನಿಂತು ಕರೆಯಲಾಗದೆ ಕೂತು ಕರೆದರು. ಇನ್ನೂ ಕಪ್ಪು ರಿಬ್ಬನ್ನಿನಲ್ಲಿದ್ದ ನನಗೆ ಹೆಸರು ಕೊಡುವಂತಿರಲಿಲ್ಲ, ದನಿ ಕಲಿಸಬಾರದು ಅಂತ ಮಾತ್ರ ನಿಯಮದಲ್ಲಿಲ್ಲ ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು.

"ಮೊದಲು ಕೆಮ್ಮು. ಲಾಂಡ್ರಿಯ ಹಬೆಯ ಕೆಮ್ಮು ಅದು, ಗಂಟಲಿನದಲ್ಲ, ಎದೆಯದು."

ಕೆಮ್ಮಿ, ಹೇಳಿದೆ.

"ಇಲ್ಲ. ನೀನು ಒಳಗೆ ಬರಲಾ ಅಂತ ಕೇಳ್ತಿದ್ದೀಯ. ನಾನು ಎಲ್ಲಿಗೂ ಹಾಗೆ ಬಂದವಳಲ್ಲ. ಒದ್ದೆ ಬಟ್ಟೆಯ ಬುಟ್ಟಿ ಕೆಳಗಿಡ್ತಾರಲ್ಲ, ಹಾಗೆ. ಇಟ್ಟುಬಿಡು."

ಹನ್ನೆರಡೋ ಹದಿಮೂರೋ ಸಲದ ನಂತರ ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ನನ್ನ ಕೆನ್ನೆ ತಟ್ಟಿದರು. ವಾಪಸು ಬರುವಾಗ ಸೈಪ್ರೆಸ್ ಎಂಬ ಊರು ದಾಟಿ ಟ್ರಾಫಿಕ್ ಕರಗುವ ತನಕ ಕಾರಿನ ಗಾಜು ಏರಿಸಿಕೊಂಡು ಕೆಮ್ಮಿದೆ, ಹೇಳಿದೆ. ಪಕ್ಕದ ಲೇನಿನ ಹುಡುಗಿ ನಾನು ಫೋನಿನಲ್ಲಿ ಜಗಳವಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಎರಡು ವಾರಕ್ಕೆ ಕಾರ್ಯದರ್ಶಿಯವರು ಹೋದರು. ಹ್ಯಾಟಿನವರು ಫೋನ್ ಮಾಡಿ, ತಮಾಷೆ ಇಲ್ಲದ ದನಿಯಲ್ಲಿ, ನನ್ನ ನಿಜವಾದ ಹೆಸರು ಹಿಡಿದು ಹೇಳಿದರು. ಈಗ ಮೀಯಿಸುವುದೆಲ್ಲ ಅಂತ್ಯಸಂಸ್ಕಾರದ ಕಂಪನಿಯವರ ಕೆಲಸ. ಗ್ಲವ್ಸ್ ಮಾತ್ರ ಮೂವರು ಒಳಗೆ ಹೋಗಿ ತಾವೇ ತೊಡಿಸಿದರು. ಕಪ್ಪು ಬದಿಯವಳು ಒಳಗೆ ಬರುವಂತಿಲ್ಲವೆಂದು ನಾನು ಕಾರಿಡಾರಿನಲ್ಲಿ ಕೂತಿದ್ದೆ. ಅಂದು ಎಲ್ಲರ ರಿಬ್ಬನ್ನುಗಳೂ ಕಪ್ಪಾಗಿದ್ದವು. ಆದರೆ ಅವರದು ದುಃಖಕ್ಕೆ, ನನ್ನದು ಬೇರೆ ಕಾರಣಕ್ಕೆ ಎಂದು ನಮಗೆ ನಾಲ್ವರಿಗೂ ಗೊತ್ತಿತ್ತು.

* * *

ನವೆಂಬರಿನ ಸಭೆಗೆ ಮಗಳು ಬಂದರು. ಪುಸ್ತಕವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಅದೇ ಸಂಜೆ ಡಲ್ಲಾಸಿಗೆ ಹಿಂದಿರುಗುವ ಅಂದಾಜು. ಕಾರಿನ ಪಕ್ಕದ ಸೀಟಿನಲ್ಲಿ ಪುಸ್ತಕಕ್ಕೆ ಸೀಟ್ ಬೆಲ್ಟ್ ಹಾಕಿದ್ದರು.

ನಾನು ಕೈ ಚಾಚಲಿಲ್ಲ. ಹ್ಯಾಟಿನವರು ಬಾಗಿಲಿಗೆ ಅಡ್ಡ ನಿಂತರು. "ಆಸ್ಟಿನ್ ಇನ್ನೂ ಮುಟ್ಟುವಂತಿಲ್ಲ. ನಮ್ಮ ಮೂವರ ಬಾಯಿಯೂ ಭರ್ತಿ. ಕರೆಯೋಕೆ ನಿಂತರೆ ಏಳು ಜನ ಮೂಕರಾಗ್ತಾರೆ. ನಿನ್ನ ಹೆಸರು ಪುಸ್ತಕದಲ್ಲಿದೆ ಡಲ್ಲಾಸ್. ಮುಟ್ಟಿದ್ದೀಯ, ಕರೆ."

"ಆಂಟಿ, ನಾನು ಐದು ಗಂಟೆಗೆ ಹೊರಡಬೇಕು."

"ಬಸ್ಸು ಓಡಿಸಿದವಳು ನಾನು. ಟೈಮಿಗೆ ಬಿಡ್ತೀನಿ. ಒಳಗೆ ನಡಿ."

ಇಲ್ಲಿ ಒಂದು ತೊಡಕಿತ್ತು, ಕೋಣೆಯಲ್ಲಿದ್ದ ನಮ್ಮೆಲ್ಲರಿಗೂ ಗೊತ್ತಿದ್ದದ್ದು, ಮಗಳಿಗೆ ಮಾತ್ರ ಗೊತ್ತಿಲ್ಲದ್ದು. ಹಾಜರಿ ಮೇಲಿನಿಂದ ಕೆಳಕ್ಕೆ. ಕಾರ್ಯದರ್ಶಿಯವರ ಹೆಸರು ಮಧ್ಯದಲ್ಲಿ, ನನ್ನದು ಕಟ್ಟಕಡೆಗೆ. ಅವರ ಹೆಸರು ಬರುವ ಹೊತ್ತಿಗೆ ನನ್ನ ಮೂರನೆಯ ಓಗೊಡುವಿಕೆ ಆಗಿರುವುದಿಲ್ಲ. ತಾವೇ ಕಲಿಸಿದ ದನಿ ನನ್ನ ಗಂಟಲಿನಲ್ಲಿದ್ದರೂ ಅವರ ಮೊದಲ ಹಾಜರಿ ಖಾಲಿ ಹೋಗುತ್ತದೆ.

ಏಸಿ ಆಫ್ ಆಯಿತು. ರೆಕಾರ್ಡರ್ ಆನ್ ಮಾಡಿದೆ. ಪುಟದ ಗುರುತಿಗೆ ಇಟ್ಟಿದ್ದ ಬಟ್ಟೆಯ ಪಟ್ಟಿ ಇದ್ದಲ್ಲಿ ಮಗಳು ಪುಸ್ತಕ ತೆರೆದರು. ಪಟ್ಟಿ ಕೊನೆಯ ಪುಟದಲ್ಲಿತ್ತು. ಅದನ್ನು ಅಲ್ಲಿಟ್ಟವರು ಅವರ ಅಮ್ಮ. ಬೇಕೆಂದೇ ಇಟ್ಟರೋ, ಅಕ್ಟೋಬರಿನಲ್ಲಿ ಮುಚ್ಚಿದಾಗ ಹಾಗೆ ಉಳಿಯಿತೋ ತಿಳಿಯದು. ಮಗಳು ಅಲ್ಲಿದ್ದ ಒಂಟಿ ಹೆಸರನ್ನು ಕಷ್ಟಪಟ್ಟು ಓದಿದರು. ಒತ್ತಕ್ಷರ ತಪ್ಪಿತು. ನನ್ನದೇ.

ಯಾರೂ ತಿದ್ದಲಿಲ್ಲ. ಹ್ಯಾಟಿನವರು ಚಾವಣಿ ನೋಡುತ್ತಿದ್ದರು.

"ಇದ್ದೀನಿ," ಎಂದೆ.

ಅಕ್ಕ ಎದ್ದು ಬಂದು ನನ್ನ ರಿಬ್ಬನ್ನನ್ನು ನೇರಳೆ ಬದಿಗೆ ತಿರುಗಿಸಿ, ಹೋಗಿ ಕೂತರು. ಮಗಳು ಗೊಂದಲದಿಂದ ನೋಡಿ, ಪುಟ ಹಿಂದಕ್ಕೆ ತಿರುವಿ, ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರು. ಒಂದು ಹೆಸರು ಕರೆದವರು ತಟಕ್ಕನೆ ನಿಂತರು. ತಮ್ಮದೇ. ತಂಗಿ ಬಾಯಿ ತೆರೆದಿದ್ದರು, ಆ ಹನ್ನೆರಡು ವರ್ಷದ ಹುಡುಗಿಯ ತೊದಲಿನ ಮೊದಲ ಸದ್ದು ಹೊರಬಿದ್ದೂ ಆಗಿತ್ತು.

"ಬೇಡ," ಎಂದರು ಮಗಳು. "ನಾನು ಇದ್ದೀನಿ."

ತಂಗಿ ಬಾಯಿ ಮುಚ್ಚಿದರು. ಬಹಳ ದಿನ ಹೊತ್ತಿದ್ದನ್ನು ಇಳಿಸಿದವರ ಹಾಗೆ ಅವರ ಕೈ ಗಂಟಲಿಗೆ ಹೋಯಿತು.

ಆಮೇಲೆ ಅಮ್ಮನ ಹೆಸರು. ಮಗಳು ಅದನ್ನು ಪೂರ್ತಿಯಾಗಿ, ಒಂದೇ ಸಲ ಕರೆದರು. ಹುಟ್ಟಿದಾಗಿನಿಂದ ಮೈಗೆ ಬಂದ ಕಾಯುವಿಕೆ ನನ್ನ ಗಂಟಲಿನಲ್ಲಿ ಏಳುವುದು ಗೊತ್ತಾಯಿತು. ಅದಕ್ಕೆ ಎಡೆ ಕೊಡದೆ ಎದೆಯಿಂದ ಕೆಮ್ಮಿದೆ, ಬುಟ್ಟಿ ಕೆಳಗಿಟ್ಟೆ. "ಇದ್ದೀನಿ."

ಮಗಳು ಮುಖ ಎತ್ತಲಿಲ್ಲ. ಬೆರಳನ್ನು ಮೇಲಿನ ಹೆಸರಿಗೆ ಸರಿಸಿದರು. ಓದು ಮುಂದುವರಿಯಿತು. ದಪ್ಪ ದನಿ, ತೆಳು ದನಿ, ಮೂಗಿನ ದನಿ. ಎಲ್ಲರೂ ಹಿಮ್ಮುಖವಾಗಿ ಬಂದರು, ಆದರೆ ಎಲ್ಲರೂ ಬಂದರು.

ಅಂಗೈ ಇಡಬೇಕಾದ ಜಾಗ ಒಂದಿದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಕೆಂಪು ಗೆರೆಯ ಶಾಯಿ ಮಾಸಿ ಕಂದಾಗಿತ್ತು, ಹೆಸರು ಕೆಳಗೆ ಸ್ಪಷ್ಟವಾಗಿತ್ತು. ಮಗಳು ತಮ್ಮ ಅಜ್ಜಿಯ ಹೆಸರನ್ನು ಉಳಿದವರ ಹೆಸರಿನ ಹಾಗೆಯೇ ಕರೆದರು.

ಫ್ಯಾನ್ ತಿರುಗುತ್ತಿತ್ತು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆ ದನಿಯನ್ನು ಕಲಿತವರು ಯಾರೂ ಉಳಿದಿರಲಿಲ್ಲ. ಕಲಿತಿದ್ದವರನ್ನು ಎರಡು ವಾರದ ಹಿಂದೆ ಮಣ್ಣು ಮಾಡಿದ್ದೆವು. ನನ್ನ ಎಡಗಡೆಯ ಖಾಲಿ ಕುರ್ಚಿಗಳನ್ನು ನಾನು ನೋಡಲಿಲ್ಲ. ನನಗೆ ಏನೂ ಕೇಳಿಸಲಿಲ್ಲ ಎಂದೇ ಹೇಳಬೇಕು. ಕೇಳಿಸಿಕೊಳ್ಳುವಷ್ಟು ಸುಮ್ಮನೆ ನಾನಿರಲಿಲ್ಲ, ಕಿವಿಯಲ್ಲಿ ನನ್ನ ರಕ್ತದ್ದೇ ಸದ್ದು.

ಹ್ಯಾಟಿನವರು, ಬಹಳ ಮೆತ್ತಗೆ, "ಮುಂದೆ ಓದು ಮಗಳೇ," ಎಂದರು.

ಮಗಳು ಆ ಸಂಜೆ ಐದಕ್ಕೆ ಹೊರಡಲಿಲ್ಲ. ಪುಸ್ತಕ ಆಸ್ಟಿನ್ನಿಗೆ ಬರಲಿಲ್ಲ. ಅದರ ಸ್ಕ್ಯಾನ್ ಮಾತ್ರ ಇದೆ, ಅಡುಗೆಮನೆಯ ಮೇಜಿನ ಮೇಲೆ, ನೇರಳೆ ರಿಬ್ಬನ್ನಿನಲ್ಲಿ, ನಾನೇ ಪುಟ ತಿರುವಿ ಮಾಡಿದ್ದು. ಎರಡನೇ ಶನಿವಾರ ಡಲ್ಲಾಸಿನಿಂದ ಅವರು, ಆಸ್ಟಿನ್ನಿನಿಂದ ನಾನು ಹೋಗುತ್ತೇವೆ. ಈಗ ಅವರು ಮೇಲಿನಿಂದ ಕೆಳಕ್ಕೆ ಓದುತ್ತಾರೆ, ಅಂಗೈ ಇಡಬೇಕಾದಲ್ಲಿ ಇಡುತ್ತಾರೆ.

ನವೆಂಬರಿನ ಸಭೆಯಾದ ವಾರವೇ ಒಂದು ಮಧ್ಯಾಹ್ನ, ಸೀಡರ್ ಪಾರ್ಕಿನ ನನ್ನ ಕೋಣೆಯಲ್ಲಿ, ಅದರ ರೆಕಾರ್ಡಿಂಗನ್ನು ಫಾರಮ್ಮಿಗೆ ಏರಿಸಲು ಕೂತಿದ್ದೆ. ಕೆಳಗಿನಿಂದ ಚಿಕ್ಕಮ್ಮ ನನ್ನನ್ನು ಕೂಗಿದರು. "ಬಂದೆ," ಎಂದೆ.

ಕೆಳಗೆ ಪಾತ್ರೆಯ ಸದ್ದು ನಿಂತಿತು.

"ಯಾರೇ ಅದು?" ಚಿಕ್ಕಮ್ಮ ಮೆಟ್ಟಿಲ ಬುಡಕ್ಕೆ ಬಂದರು. ಕೈಯಲ್ಲಿ ಸೌಟು. "ಮೇಲೆ ಯಾರಿದ್ದಾರೆ ನಿನ್ನ ಜೊತೆ?"

"ಯಾರೂ ಇಲ್ಲ. ನಾನೇ ಅಂದದ್ದು."

"ನಾನಿನ್ನೂ ಎರಡನೇ ಸಲ ಕೂಗಿಲ್ಲ," ಎಂದರು. ಆಮೇಲೆ, "ಯಾರೋ ವಯಸ್ಸಾದವರು ಕೆಮ್ಮಿದ ಹಾಗಿತ್ತಲ್ಲೇ."

ನೆಗಡಿ ಎಂದೆ. ಅವರು ನಂಬಲಿಲ್ಲ, ದೇವರ ಮನೆಯಿಂದ ಕುಂಕುಮ ತಂದು ನನ್ನ ಹಣೆಗಿಟ್ಟು ಹೋದರು.

ಮತ್ತೆ ಫಾರಮ್ಮಿನ ಮುಂದೆ ಕೂತೆ. ಹೆಡ್‌ಫೋನ್ ಹಾಕಿಕೊಂಡು, ಕೆಂಪು ಗೆರೆಯ ಆ ಅಜ್ಜಿಯ ಹೆಸರು ಬರುವ ಜಾಗಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿದೆ. ಅದರಿಂದ ಮುಂದಿನ ಭಾಗವನ್ನು ನಾನು ಇವತ್ತಿಗೂ ಕೇಳಿಲ್ಲ. ಉಳಿದ ಕಾಲಮ್ಮುಗಳೆಲ್ಲ ಭರ್ತಿಯಾಗಿವೆ: ಊರು, ಕೋಣೆ, ಎಷ್ಟು ನಿಮಿಷ, ಯಾವ ಭಾಷೆ. ದನಿಗಳ ಸಂಖ್ಯೆ ಎಂಬುದನ್ನು ಖಾಲಿ ಬಿಟ್ಟಿದ್ದೇನೆ.